ಹಳೇ ಚಾಳು, ಹೊಸ ನಕ್ಷೆ: ಸಹಿ ಹಾಕುವ ಮುನ್ನ

ಕಳೆದ ದೀಪಾವಳಿ ರಜೆಯಲ್ಲಿ ನಮ್ಮ ಚಾಳಿನ ಮೆಟ್ಟಿಲ ಬುಡದಲ್ಲಿ ಒಂದು ಸಭೆ ಸೇರಿತ್ತು. ಗಿರಗಾಂವ್‌ನ ಈ ಚಾಳು ಚೌಪಾಟಿಯಿಂದ ನಡೆದರೆ ಹತ್ತು ನಿಮಿಷ. ಮೂರು ಮಾಳಿಗೆ, ನಲವತ್ತು ಖೋಲಿ, ಉದ್ದಕ್ಕೂ ಮರದ ಕಟಾಂಜನ. ಬಿಲ್ಡರನ ಮನುಷ್ಯ ಸಮ್ಮತಿ ಪತ್ರಗಳ ಕಟ್ಟು ತಂದಿದ್ದ. ಇಂಗ್ಲಿಷಿನಲ್ಲಿ ಆರು ಪುಟ. ಎದುರು ಖೋಲಿಯ ಆಜಿ ತಮ್ಮ ಪ್ರತಿಯನ್ನು ನನ್ನ ಕೈಗಿಟ್ಟು, "ಕಾಮರ್ಸು ಓದುವವನು ನೀನೇ ತಾನೆ, ಓದಿ ಹೇಳು" ಎಂದು ಮರಾಠಿಯಲ್ಲಿ ಹೇಳಿದರು.

ನಾನು ಏಳನೇ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತವನು. ಆ ಆರು ಪುಟ ಅರ್ಥವಾಗಲು ನನಗೆ ಮೂರು ದಿನ ಹಿಡಿಯಿತು. ಆಮೇಲೆ ಲೈಬ್ರರಿ, ವಾರ್ಡ್ ಆಫೀಸು ಅಂತ ಅಲೆದು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಸಂಘದ ಅರ್ಧಕ್ಕರ್ಧ ಮಿತ್ರರು ಇಂಥ ಚಾಳುಗಳಲ್ಲೇ ಇರುವವರು. ಇಂದಲ್ಲ ನಾಳೆ ಈ ಕಾಗದ ನಿಮ್ಮ ಬಾಗಿಲಿಗೂ ಬಂದೀತು.

ಮೊದಲು ಬಾಡಿಗೆಯ ವಿಷಯ. 1947ರ ಬಾಡಿಗೆ ಕಾನೂನು ಮುಂಬಯಿಯ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ ಒಂದರ ದರಕ್ಕೆ ಕಟ್ಟಿಹಾಕಿತು. ಬಡವರಿಗೆ ಅದು ದೊಡ್ಡ ಉಪಕಾರ. ಆದರೆ ಮಾಲೀಕನ ಕೈಗೆ ರಿಪೇರಿಗೆ ದುಡ್ಡು ಬರಲಿಲ್ಲ. 2000ದಲ್ಲಿ ಜಾರಿಗೆ ಬಂದ ಹೊಸ ಕಾನೂನು ವರ್ಷಕ್ಕೆ ನೂರಕ್ಕೆ ನಾಲ್ಕರಂತೆ ಏರಿಸಲು ಬಿಟ್ಟಿತು. ಸೊನ್ನೆಯ ಹತ್ತಿರದ ಮೊತ್ತಕ್ಕೆ ನಾಲ್ಕು ಪರ್ಸೆಂಟ್ ಸೇರಿಸಿದರೆ ಎಷ್ಟಾದೀತು? ಇತ್ತ ಸಮುದ್ರದ ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆ, ಮಳೆಗಾಲ ಮರವನ್ನು ಕೊಳೆಸುತ್ತದೆ. 1969ರಲ್ಲಿ ಸರಕಾರ ರಿಪೇರಿ ಮಂಡಳಿ ಮಾಡಿ ಇಂಥ ಕಟ್ಟಡಗಳ ಮೇಲೆ ಸೆಸ್ ಹಾಕಿತು. ಅದಕ್ಕೇ ಇವುಗಳಿಗೆ 'ಸೆಸ್ ಕಟ್ಟಡ' ಎಂಬ ಹೆಸರು. ಆ ಮಂಡಳಿ ಈಗ ಮ್ಹಾಡಾದ ಕೈಕೆಳಗಿದೆ.

ಇನ್ನು ಬಿಲ್ಡರನ ಲೆಕ್ಕ. ಸೆಸ್ ಕಟ್ಟಡವನ್ನು ಕೆಡವಿ ಕಟ್ಟಿದರೆ ಜಾಗದ ವಿಸ್ತೀರ್ಣದ ಮೂರು ಪಟ್ಟು ಕಟ್ಟಲು ಸಾಮಾನ್ಯವಾಗಿ ಅನುಮತಿ ಸಿಗುತ್ತದೆ. ಈ ಪಟ್ಟಿಗೇ ಎಫ್.ಎಸ್.ಐ. ಎನ್ನುವುದು. ಸಾವಿರ ಚದರ ಮೀಟರ್ ಜಾಗವಿದ್ದರೆ ಮೂರು ಸಾವಿರ ಚದರ ಮೀಟರ್ ಕಟ್ಟಬಹುದು. ಹಳೆಯ ಬಾಡಿಗೆದಾರನಿಗೆ ಕನಿಷ್ಠ 27.88 ಚದರ ಮೀಟರ್, ಅಂದರೆ 300 ಚದರ ಅಡಿಯ ಮನೆ ಪುಕ್ಕಟೆ. ನಲವತ್ತು ಖೋಲಿಗೆ ಸುಮಾರು 1,115 ಚದರ ಮೀಟರ್ ಆಯಿತು. ಗೋಡೆ ಮೆಟ್ಟಿಲುಗಳಿಗೆ ಹೋದದ್ದು ಬಿಟ್ಟು ಉಳಿದದ್ದೆಲ್ಲ ಮಾರಾಟಕ್ಕೆ. ಇದರಲ್ಲಿ ಮೋಸ ಏನೂ ಇಲ್ಲ, ಕಾನೂನೇ ಹಾಗಿದೆ. ಆದರೆ ಹಳೆಯ ಕಟ್ಟಡ ನಿಂತಿರುವ ತನಕ ಆ ಲಾಭ ಕೈಗೆ ಬರುವುದಿಲ್ಲ ಎಂಬುದನ್ನು ನೆನಪಿಡಬೇಕು.

ಹಾಗಾದರೆ ಹಳೆಯದನ್ನು ಕಾಯುವವರು ಯಾರು? ಇಡೀ ನಗರದ ಹಳೆಯ ಕಟ್ಟಡಗಳಿಗೆ ನಿಯಮ ಮಾಡಿದ ಮೊದಲ ನಗರ ಭಾರತದಲ್ಲಿ ಮುಂಬಯಿಯೇ, 1995ರಲ್ಲಿ. ಆರುನೂರಕ್ಕೂ ಮಿಕ್ಕಿ ಕಟ್ಟಡ, ಕೇರಿಗಳ ಪಟ್ಟಿಯಾಯಿತು. ಪಾಲಿಕೆ ಕಮಿಷನರಿಗೆ ಸಲಹೆ ಕೊಡಲು ಹೆರಿಟೇಜ್ ಸಮಿತಿ ಬಂತು. ಪಟ್ಟಿಯಲ್ಲಿ ಮೂರು ದರ್ಜೆ. ಒಂದನೆಯ ದರ್ಜೆಯ ಕಟ್ಟಡವನ್ನು ಒಳಗೂ ಹೊರಗೂ ಮುಟ್ಟುವಂತಿಲ್ಲ, ಭದ್ರಪಡಿಸಲು ಅಗತ್ಯವಿದ್ದರೆ ಮಾತ್ರ. ಎರಡನೆಯದರಲ್ಲಿ ಒಳಗಡೆ ಬದಲಾಯಿಸಬಹುದು, ಹೊರಗಿನ ಬದಲಾವಣೆಗೆ ತಪಾಸಣೆ ಬಿಗಿ. ಮೂರನೆಯದು ಬೀದಿಯ ಚೆಲುವಿಗೆ ಬೇಕಾದ ಕಟ್ಟಡಗಳದ್ದು. ಅದಕ್ಕೆ ರಕ್ಷಣೆ ಎಲ್ಲಕ್ಕಿಂತ ತೆಳು. ನಮ್ಮ ಚಾಳು ಈ ಮೂರನೆಯದಕ್ಕೆ ಸೇರಿದೆ.

ಸಮುದ್ರದ ಹತ್ತಿರವಾದರೆ ಇನ್ನೊಂದು ಬೇಲಿ. 1991ರ ಫೆಬ್ರವರಿ 19ರ ಕರಾವಳಿ ಅಧಿಸೂಚನೆ ಉಬ್ಬರದ ಗೆರೆಯಿಂದ 500 ಮೀಟರಿನೊಳಗಿನ ಕಟ್ಟಡಗಳಿಗೆ ಆ ದಿನ ಇದ್ದ ಎಫ್.ಎಸ್.ಐ.ಯನ್ನೇ ನಿಲ್ಲಿಸಿತ್ತು. 2011ರಲ್ಲಿ ಸೆಸ್ ಕಟ್ಟಡಗಳಿಗೆ ವಿನಾಯಿತಿ ಬಂತು, 2019ರ ಅಧಿಸೂಚನೆ ಬಿಗಿಯನ್ನು ಮತ್ತೂ ಸಡಿಲಿಸಿತು. ಕಡಲ ಬದಿಯ ಗಲ್ಲಿಗಳಲ್ಲಿ ಬಿಲ್ಡರರ ಓಡಾಟ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ನಿಯಮಗಳ ನಡುವೆ ನಮ್ಮ ಮಾತು ನಡೆಯುವುದೆಲ್ಲಿ? ನನಗೆ ಕಂಡದ್ದು ಎರಡೇ ಬಾಗಿಲು.

ಮೊದಲನೆಯದು 'ಸಲಹೆ ಮತ್ತು ಆಕ್ಷೇಪಣೆ'. ಹೆರಿಟೇಜ್ ಪಟ್ಟಿಗೆ ಸೇರಿಸುವ, ತೆಗೆಯುವ ಮುನ್ನ ಪಾಲಿಕೆ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ನಗರದ ವಿಕಾಸ ನಕ್ಷೆಗೂ ಇದೇ ಕ್ರಮ. ಮಾಲೀಕನೇ ಬೇಕಿಲ್ಲ, ಯಾರು ಬೇಕಾದರೂ ಬರೆಯಬಹುದು. ಇದೆಲ್ಲ ಬರೀ ಶಾಸ್ತ್ರಕ್ಕೆ ಅಂದುಕೊಂಡಿದ್ದೆ, ಅಲ್ಲ. 2015ರಲ್ಲಿ ಮುಂಬಯಿಯ ಹೊಸ ವಿಕಾಸ ನಕ್ಷೆಯ ಕರಡು ಬಂದಾಗ ಕೋಳಿವಾಡಗಳನ್ನು ಸರಿಯಾಗಿ ಗುರುತಿಸಿಯೇ ಇರಲಿಲ್ಲ. ಹತ್ತಾರು ಸಾವಿರ ಆಕ್ಷೇಪಣೆಗಳು ಬಿದ್ದವು, ಅದೇ ಏಪ್ರಿಲ್‌ನಲ್ಲಿ ಸರಕಾರ ಇಡೀ ಕರಡನ್ನೇ ಹಿಂದಕ್ಕೆ ಕಳಿಸಿತು.

ಆದರೆ ಇದೇ ಬಾಗಿಲಿಂದ ಪಟ್ಟಿಯ ವಿರುದ್ಧವೂ ಜನ ಬರುತ್ತಾರೆ. 2012ರಲ್ಲಿ ಸಮಿತಿ ಶಿವಾಜಿ ಪಾರ್ಕಿನಂಥ ಜಾಗಗಳನ್ನು ಪಟ್ಟಿಗೆ ಸೇರಿಸಲು ಹೊರಟಾಗ ಅಲ್ಲಿಯ ನಿವಾಸಿಗಳೇ ಎದ್ದು ನಿಂತರು. ಪುನರ್ನಿರ್ಮಾಣಕ್ಕೆ ಅಡ್ಡಿಯಾಗುತ್ತದೆ ಎಂಬ ಭಯ. ಅವರನ್ನು ಸ್ವಾರ್ಥಿಗಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ಮನೆಯಲ್ಲಿ ಹೆರಿಟೇಜ್ ಬಗ್ಗೆ ಭಾಷಣ ಶುರುಮಾಡಿದಾಗ ಅಪ್ಪ ಕೇಳಿದರು: "ಹೌದು ಮಗಾ, ಹೆರಿಟೇಜ್ ಅಂದ್ರೆ ನಿನ್ನ ಅಮ್ಮ ಬೆಳಿಗ್ಗೆ ಬಾಲ್ದಿ ಹಿಡ್ಕೊಂಡು ಪಾಯಿಖಾನೆಗೆ ಸಾಲು ನಿಲ್ಲೋದಾ?" ಮೂವತ್ತು ವರ್ಷ ಹೋಟೆಲಿನಲ್ಲಿ ದುಡಿದವರು. ನನ್ನಲ್ಲಿ ಉತ್ತರ ಇರಲಿಲ್ಲ.

ಸುಮ್ಮನೆ ಕಾಯುತ್ತ ಕೂತರೂ ಕಟ್ಟಡ ಉಳಿಯುವುದಿಲ್ಲ. ಕಾಲಾಘೋಡಾದ ಎಸ್ಪ್ಲನೇಡ್ ಮ್ಯಾನ್ಶನ್ ನೋಡಿ. ಹಿಂದೆ ವಾಟ್ಸನ್ ಹೋಟೆಲು, ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಕಬ್ಬಿಣದ ಚೌಕಟ್ಟು ತಂದು ಕಟ್ಟಿದ್ದು. 1896ರ ಜುಲೈ 7ರಂದು ಲೂಮಿಯೇರ್ ಸೋದರರ ಸಿನಿಮಾ ಭಾರತದಲ್ಲಿ ಮೊದಲು ತೋರಿಸಿದ್ದು ಅಲ್ಲೇ. ಎರಡನೆಯ ದರ್ಜೆಯಲ್ಲಿದ್ದೂ 2005ರಲ್ಲಿ ಅದರ ಒಂದು ಭಾಗ ಕುಸಿದು ಒಬ್ಬರು ಸತ್ತರು. 2019ರಲ್ಲಿ ಹೈಕೋರ್ಟ್ ಅಲ್ಲಿದ್ದವರನ್ನೆಲ್ಲ ಖಾಲಿ ಮಾಡಿಸಿತು. ಕೆಡವಬೇಕೆಂದು ಒಂದು ವರದಿ, ಉಳಿಸಬಹುದೆಂದು ಇನ್ನೊಂದು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ತೊಲೆ ಗಟ್ಟಿಯಾಗುವುದಿಲ್ಲ. ಅಪ್ಪನ ಪ್ರಶ್ನೆಯನ್ನು ಬಿಟ್ಟು ಹೆರಿಟೇಜ್ ಮಾತಾಡುವುದು ತಪ್ಪು ಎಂದು ನನಗನ್ನಿಸಿದ್ದು ಇಲ್ಲಿ.

ಎರಡನೆಯ ಬಾಗಿಲು ಆ ಸಮ್ಮತಿ ಪತ್ರವೇ. ಈಗಿನ ನಿಯಮದಲ್ಲಿ ನೂರಕ್ಕೆ 51 ನಿವಾಸಿಗಳ ಒಪ್ಪಿಗೆ ಸಾಕು. ಒಮ್ಮೆ ಕೊಟ್ಟ ಒಪ್ಪಿಗೆ ಹಿಂದೆ ಪಡೆಯುವಂತಿಲ್ಲ. ನಮ್ಮಲ್ಲಿ ನಲವತ್ತಕ್ಕೆ 21 ಆಗಬೇಕು. ಆ ಸಂಜೆಗೆ 19 ಸಹಿ ಆಗಿಹೋಗಿತ್ತು! ಪೆನ್ನು ಹಿಡಿದಿದ್ದವರಲ್ಲಿ ಅಪ್ಪನೂ ಒಬ್ಬರು.

ಮೂರು ದಿನ ತಡೆಯಿರಿ ಅಂತ ಅಪ್ಪನನ್ನೂ ಆಜಿಯನ್ನೂ ಬೇಡಿಕೊಂಡೆ. ಓದಿದ ಮೇಲೆ ಗೊತ್ತಾದದ್ದು ಇಷ್ಟು: ಮನೆ 300 ಚದರ ಅಡಿ ಅಂತ ಬಾಯಲ್ಲಿ ಹೇಳಿದ್ದು ಕಾಗದದಲ್ಲಿ ಇರಲೇ ಇಲ್ಲ. ಕಟ್ಟಿ ಮುಗಿಯುವ ತನಕ ಹೊರಗೆ ಇರಲು ಬಾಡಿಗೆ ಯಾರು ಕೊಡಬೇಕು, ಎಷ್ಟು ವರ್ಷ ಕೊಡಬೇಕು, ಅದೂ ಇಲ್ಲ. ಕಟ್ಟಡ ಹೆರಿಟೇಜ್ ಪಟ್ಟಿಯಲ್ಲಿದೆ ಎಂಬ ಮಾತು ಎಲ್ಲೂ ಇಲ್ಲ.

ಸಹಿ ಹಾಕದ 21 ಮನೆಯವರು ಕೂತು ಒಂದು ಪತ್ರ ಬರೆದೆವು. ಒಪ್ಪಿಗೆಯ ಮರಾಠಿ ಪ್ರತಿ ಕೊಡಿ. ವಿಸ್ತೀರ್ಣ, ಬಾಡಿಗೆ, ಅವಧಿ ಎಲ್ಲ ಬರವಣಿಗೆಯಲ್ಲಿ ಬರಲಿ, ನೋಂದಣಿಯಾಗಲಿ. ಬೀದಿಗೆ ಮುಖ ಮಾಡಿದ ಮರದ ಕಟಾಂಜನ ಉಳಿಸಿ ಹಿಂದೆ ಎತ್ತರ ಕಟ್ಟಲು ಬರುತ್ತದೆಯೇ ಎಂದು ಹಳೆ ಕಟ್ಟಡ ಬಲ್ಲ ಎಂಜಿನಿಯರರಿಂದ ವರದಿ ತರಿಸಿ. ಕೊನೆಯದು ನನ್ನ ಹಟ. ಆಜಿ ಕೂಡಲೇ ಒಪ್ಪಿದರು. ಅಪ್ಪ ಮಾತ್ರ, "ಕಟಾಂಜನ ಇರಲಿ, ಪಾಯಿಖಾನೆ ಒಳಗೆ ಬರ್ಲಿ" ಅಂದರು. ಅದನ್ನೂ ಸೇರಿಸಿದೆವು.

ಬಿಲ್ಡರನಿಂದ ಇನ್ನೂ ಉತ್ತರ ಬಂದಿಲ್ಲ. ಚಾಳು ನಿಲ್ಲುತ್ತದೋ ಬೀಳುತ್ತದೋ ನಾನು ಹೇಳಲಾರೆ. ಆದರೆ ಮಿತ್ರರೇ, ನಿಮ್ಮ ಚಾಳಿನಲ್ಲಿಯೂ ಇಂಗ್ಲಿಷ್ ಕಾಗದ ಓದಬಲ್ಲವರು ಬಹುಶಃ ನೀವೊಬ್ಬರೇ. ಗೋಡೆಗೆ ಅಂಟಿಸಿದ ಪಾಲಿಕೆಯ ನೋಟೀಸು ಕಂಡರೆ ನಿಂತು ಓದಿ, ಆಕ್ಷೇಪಣೆಗೆ ಕೊನೆಯ ದಿನಾಂಕ ಯಾವುದೆಂದು ಗುರುತು ಹಾಕಿಕೊಳ್ಳಿ, ನೆರೆಯವರಿಗೆ ಹೇಳಿ. ಒಂದು ಹಾಳೆ ಬರೆದು ಕೊಟ್ಟು ರಶೀದಿ ಪಡೆಯಿರಿ. ಅಪ್ಪನ ಸಮ್ಮತಿ ಪತ್ರ ಸಹಿಯಿಲ್ಲದೆ ರೇಶನ್ ಕಾರ್ಡಿನ ಜೊತೆ ಟ್ರಂಕಿನಲ್ಲಿದೆ. ಉತ್ತರ ಬಂದ ದಿನ ಮತ್ತೆ ಎಲ್ಲರೂ ಮೆಟ್ಟಿಲ ಬುಡದಲ್ಲಿ ಸೇರುತ್ತೇವೆ.