ಕ್ಯಾಲೊರಿ ಲೆಕ್ಕದಲ್ಲಿ ಜೋಳದ ರೊಟ್ಟಿ

ವಿಜಯಪುರ ನಗರದ ಸಮೀಪದ ಇಟ್ಟಂಗಿಹಾಳ ಸೇರಿದಂತೆ ತಿಕೋಟಾ, ಬಬಲೇಶ್ವರ ಭಾಗದ ಊರುಗಳಲ್ಲಿ ಊಟವೆಂದರೆ ಮೊದಲು ನೆನಪಾಗುವುದು ಜೋಳದ ರೊಟ್ಟಿ. ಎರೆಭೂಮಿಯಲ್ಲಿ ಹಿಂಗಾರಿಗೆ ಬೆಳೆಯುವ ಬಿಳಿಜೋಳ ಇಲ್ಲಿನ ದುಡಿಯುವ ಜನರನ್ನು ತಲೆಮಾರುಗಳಿಂದ ಸಾಕಿದೆ. ಈಗ ಹೊಲದ ಕೆಲಸದಲ್ಲಿ ಟ್ರ್ಯಾಕ್ಟರ್ ಪಾಲು ಪಡೆದಿದೆ. ನಗರ ಸೇರಿದವರಲ್ಲಿ ಅನೇಕರು ಕುಳಿತು ದುಡಿಯುತ್ತಾರೆ. ಕೆಲಸದ ಬಗೆ ಬದಲಾದಾಗ ದೇಹದ ಯಾವ ಅಗತ್ಯ ತಗ್ಗುತ್ತದೆ, ಯಾವುದು ತಗ್ಗುವುದಿಲ್ಲ ಎಂಬುದನ್ನು ಅರಿಯದಿದ್ದರೆ ಹೊಟ್ಟೆ ತುಂಬಿದರೂ ಪೋಷಣೆಯ ಕೊರತೆ ಉಳಿದುಬಿಡುತ್ತದೆ.

ಕ್ಯಾಲೊರಿ ಎಂದರೇನು?

ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಶಾಖವೇ ಒಂದು ಕಿಲೊಕ್ಯಾಲೊರಿ. ಆಹಾರದ ಮಾತಿನಲ್ಲಿ ಇದನ್ನೇ ರೂಢಿಯಿಂದ ಕ್ಯಾಲೊರಿ ಎನ್ನುತ್ತಾರೆ. ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಿಂದ ಸುಮಾರು 4, ಪ್ರೋಟೀನಿನಿಂದ 4, ಕೊಬ್ಬಿನಿಂದ 9 ಕ್ಯಾಲೊರಿ ದೊರೆಯುತ್ತವೆ. ಅಮೆರಿಕದ ವಿಜ್ಞಾನಿ ವಿಲ್ಬರ್ ಅಟ್ವಾಟರ್ 19ನೆಯ ಶತಮಾನದ ಕೊನೆಯಲ್ಲಿ ನಡೆಸಿದ ಪ್ರಯೋಗಗಳೇ ಈ ಲೆಕ್ಕಕ್ಕೆ ಆಧಾರ.

ನೀರಿಗೆ ಕ್ಯಾಲೊರಿ ಇಲ್ಲ. ತಿಕೋಟಾ ಭಾಗದ ಒಣದ್ರಾಕ್ಷಿಯೇ ಇದಕ್ಕೆ ನಿದರ್ಶನ. ಸುಮಾರು ನಾಲ್ಕು ಕಿಲೊ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೊ ಒಣದ್ರಾಕ್ಷಿಯಾಗುತ್ತದೆ. ನೀರು ಹೋಗುತ್ತದೆ, ಸಕ್ಕರೆ ಉಳಿಯುತ್ತದೆ. ಹೀಗಾಗಿ ನೂರು ಗ್ರಾಂ ಹಸಿ ಹಣ್ಣಿನಲ್ಲಿ 60-70 ಕ್ಯಾಲೊರಿ ಇದ್ದರೆ, ಅಷ್ಟೇ ತೂಕದ ಒಣದ್ರಾಕ್ಷಿಯಲ್ಲಿ ಸುಮಾರು 300 ಕ್ಯಾಲೊರಿ ಇರುತ್ತದೆ.

ರೊಟ್ಟಿಯ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕಗಳ ಪ್ರಕಾರ ನೂರು ಗ್ರಾಂ ಜೋಳದಲ್ಲಿ ಸುಮಾರು 334 ಕ್ಯಾಲೊರಿ, 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು ಹಾಗೂ 4 ಮಿಲಿಗ್ರಾಂ ಕಬ್ಬಿಣ ಇದೆ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಎಂದುಕೊಂಡರೆ ನಾಲ್ಕು ರೊಟ್ಟಿಗಳಿಂದ ಸುಮಾರು 670 ಕ್ಯಾಲೊರಿ, 20 ಗ್ರಾಂ ಪ್ರೋಟೀನ್, 20 ಗ್ರಾಂ ನಾರು ಮತ್ತು 8 ಮಿಲಿಗ್ರಾಂ ಕಬ್ಬಿಣ ಸಿಗುತ್ತದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಕ್ಯಾಲೊರಿ ತುಸು ಹೆಚ್ಚು, 710ರಷ್ಟು. ಆದರೆ ಪ್ರೋಟೀನ್ 16 ಗ್ರಾಂ, ನಾರು 6 ಗ್ರಾಂನೊಳಗೆ, ಕಬ್ಬಿಣ ಒಂದೂವರೆ ಮಿಲಿಗ್ರಾಂಗೂ ಕಡಿಮೆ.

ತಗ್ಗುವುದು ಯಾವುದು, ತಗ್ಗದಿರುವುದು ಯಾವುದು?

ಸುಮ್ಮನೆ ಮಲಗಿದ್ದರೂ ಉಸಿರಾಟ, ರಕ್ತಸಂಚಾರ, ಮೆದುಳಿನ ಕೆಲಸಗಳಿಗೆ ದೇಹ ಶಕ್ತಿಯನ್ನು ವ್ಯಯಿಸುತ್ತಲೇ ಇರುತ್ತದೆ. ದುಡಿಮೆಯ ಖರ್ಚು ಅದರ ಮೇಲಿನದು. ಇದೇ ಸಂಸ್ಥೆ 2020ರಲ್ಲಿ ನೀಡಿದ ಶಿಫಾರಸಿನಂತೆ 65 ಕಿಲೊ ತೂಕದ ಪುರುಷನಿಗೆ ಕುಳಿತು ಮಾಡುವ ಕೆಲಸವಾದರೆ ದಿನಕ್ಕೆ 2110 ಕ್ಯಾಲೊರಿ ಸಾಕು. ಕಠಿಣ ದುಡಿಮೆಗೆ 3470 ಬೇಕು. 55 ಕಿಲೊ ತೂಕದ ಮಹಿಳೆಗೆ ಈ ಪ್ರಮಾಣ ಕ್ರಮವಾಗಿ 1660 ಮತ್ತು 2720.

ಆದರೆ ಪ್ರೋಟೀನ್ ಮತ್ತು ಕಬ್ಬಿಣದ ಮಾತು ಬೇರೆ. ಕೆಲಸ ಯಾವುದೇ ಇರಲಿ, ಪುರುಷನಿಗೆ 54 ಗ್ರಾಂ, ಮಹಿಳೆಗೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ಕಬ್ಬಿಣ ಪುರುಷನಿಗೆ 19, ಮಹಿಳೆಗೆ 29 ಮಿಲಿಗ್ರಾಂ. ಅಂದರೆ ಕುಳಿತು ದುಡಿಯುವವರು ಕಡಿಮೆ ಉಂಡು ಅಷ್ಟೇ ಪೋಷಕಾಂಶ ಪಡೆಯಬೇಕು. ಅವರ ಪ್ರತಿ ತುತ್ತೂ ಹೆಚ್ಚು ಸತ್ವದ್ದಾಗಿರಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 15ರಿಂದ 49 ವಯೋಮಾನದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು.

ರೊಟ್ಟಿಯೊಂದೇ ಸಾಲದು

ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಬೇಳೆಕಾಳುಗಳಲ್ಲಿ ಅದು ಹೇರಳ. ಆದ್ದರಿಂದ ರೊಟ್ಟಿಯ ಜತೆಗಿನ ಹೆಸರುಕಾಳಿನ ಪಲ್ಯ, ಮಡಕಿಕಾಳು, ತೊಗರಿಬೇಳೆ ಅಥವಾ ಜುಣುಕ ರುಚಿಗಷ್ಟೇ ಅಲ್ಲ, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮೆಂತ್ಯೆ ಮೊದಲಾದ ಸೊಪ್ಪುಗಳು ಜೀವಸತ್ವ ಒದಗಿಸುತ್ತವೆ, ಮೊಸರು-ಮಜ್ಜಿಗೆ ಸುಣ್ಣದ ಅಂಶ ನೀಡುತ್ತವೆ. ಶೇಂಗಾ ಹಿಂಡಿಯಲ್ಲಿ ಪ್ರೋಟೀನ್ ಇದ್ದರೂ ಎಣ್ಣೆಯಂಶ ಹೆಚ್ಚು. ನೂರು ಗ್ರಾಂ ಶೇಂಗಾದಲ್ಲಿ 520 ಕ್ಯಾಲೊರಿ ಇರುವುದರಿಂದ ಕುಳಿತು ದುಡಿಯುವವರು ಒಂದೆರಡು ಚಮಚಕ್ಕೆ ನಿಲ್ಲಿಸುವುದು ಲೇಸು.

ಧಾನ್ಯದಲ್ಲಿನ ಕಬ್ಬಿಣವೆಲ್ಲ ರಕ್ತಕ್ಕೆ ಸೇರುವುದಿಲ್ಲ. ಧಾನ್ಯದಲ್ಲೇ ಇರುವ ಫೈಟೇಟ್ ಅದನ್ನು ತಡೆಯುತ್ತದೆ. ಊಟದ ಜತೆ ನಿಂಬೆರಸ ಸೇವಿಸಿದರೆ ಅದರಲ್ಲಿನ ಸಿ ಜೀವಸತ್ವದಿಂದ ಕಬ್ಬಿಣ ಹೀರಿಕೆ ಹೆಚ್ಚುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದು ಕುಗ್ಗುತ್ತದೆ. ಚಹಾವನ್ನು ಒಂದು ತಾಸು ಮುಂದೂಡಿದರೆ ಖರ್ಚಿಲ್ಲದೆ ಲಾಭ.

ಹೊಲ ಬಿಟ್ಟು ಕಚೇರಿ ಸೇರಿದವರು ತಾಟಿನಲ್ಲಿ ರೊಟ್ಟಿಯ ಸಂಖ್ಯೆಯನ್ನು ಇಳಿಸಬಹುದು. ಕಾಳು, ಸೊಪ್ಪು, ಮಜ್ಜಿಗೆಯನ್ನು ಇಳಿಸಬಾರದು. ಕ್ಯಾಲೊರಿ ದೇಹದ ಇಂಧನದ ಅಳತೆಯೇ ಹೊರತು ಪೋಷಣೆಯ ಪೂರ್ಣ ಲೆಕ್ಕವಲ್ಲ.