ಬೆನ್ನು ತೆರೆದ ಹೆಡ್‌ಫೋನಿನಲ್ಲಿ ಉರುಮೆಯ ದನಿ

ಓಪನ್ ಬ್ಯಾಕ್ ಹೆಡ್‌ಫೋನ್ ಎಂದರೆ ಕಿವಿಯ ಮೇಲೆ ಕೂರುವ ಬಟ್ಟಲಿನ ಹೊರಬದಿಯನ್ನು ಮುಚ್ಚದೆ, ಬರೀ ಜಾಲರಿ ಹಾಕಿ ಬಿಟ್ಟ ಹೆಡ್‌ಫೋನ್. ಒಳಗಿರುವ ಡ್ರೈವರ್‌ನ ತೆಳುಪೊರೆ ಹಿಂದಕ್ಕೂ ಮುಂದಕ್ಕೂ ಅದುರುವಾಗ ಎರಡೂ ಬದಿಯಲ್ಲಿ ಸದ್ದು ಹುಟ್ಟುತ್ತದೆ. ಮುಂಬದಿಯದು ಕಿವಿಗೆ ಹೋಗುತ್ತದೆ. ಹಿಂಬದಿಯದು ಮುಚ್ಚಿದ ಬಟ್ಟಲಿನಲ್ಲಾದರೆ ಗೋಡೆಗೆ ಬಡಿದು ಮರಳಿ ಬಂದು ಪೊರೆಯನ್ನೇ ಕದಡುತ್ತದೆ, ಕೆಲವು ಸ್ವರಗಳನ್ನು ಬೇಡದಷ್ಟು ಉಬ್ಬಿಸುತ್ತದೆ. ತೆರೆದ ಬಟ್ಟಲಿನಲ್ಲಿ ಅದು ಹೊರಗೆ ಹೋಗಿಬಿಡುತ್ತದೆ. ಚಳ್ಳಕೆರೆ ಸೀಮೆಯ ಉಳ್ಳಾರ್ತಿ ಕಾವಲ್‌ನ ಹುಲ್ಲುಬಯಲಿನಲ್ಲಿ ದನಗಾಹಿ ಕೂಗಿದರೆ ಕೂಗು ದೂರ ಸಾಗಿ ಕರಗುತ್ತದೆ. ಅದೇ ಕೂಗು ಚಿತ್ರದುರ್ಗದ ಕೋಟೆಯ ಬಂಡೆಗಳ ನಡುವೆ ಹಾಕಿದರೆ ಮರುದನಿಯಾಗಿ ಕೂಗಿದವನ ಕಿವಿಗೇ ಬಂದು ಬೀಳುತ್ತದೆ. ಎರಡು ಬಗೆಯ ಹೆಡ್‌ಫೋನ್‌ಗಳ ನಡುವಿನ ವ್ಯತ್ಯಾಸ ಇಷ್ಟೇ.

ಹೆಡ್‌ಫೋನ್ ಹುಟ್ಟಿದ್ದೇ ಕೈಕೆಲಸವಾಗಿ. ಅಮೆರಿಕದ ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್ವಿನ್ 1910ರ ಸುಮಾರಿಗೆ ತನ್ನ ಮನೆಯ ಅಡುಗೆಕೋಣೆಯಲ್ಲಿ ಕೂತು ಅಲ್ಲಿನ ನೌಕಾಪಡೆಗೆ ಹೆಡ್‌ಫೋನ್ ಮಾಡಿಕೊಟ್ಟ. ಬೆನ್ನು ತೆರೆದ ಮಾದರಿಯನ್ನು ಜನಕ್ಕೆ ಮುಟ್ಟಿಸಿದ್ದು ಜರ್ಮನಿಯ ಸೆನ್‌ಹೈಸರ್ ಸಂಸ್ಥೆ, 1968ರ ಎಚ್‌ಡಿ 414ರ ಮೂಲಕ. ಕೈಯಿಂದ ಜೋಡಿಸಿದ ತೆರೆದ ಹೆಡ್‌ಫೋನ್ ಎಂದಾಗ ಇಂದು ಮೊದಲು ಕೇಳಿಬರುವ ಹೆಸರು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಗ್ರಾಡೊ. 1953ರಲ್ಲಿ ಗ್ರಾಮಫೋನ್ ತಟ್ಟೆಯ ಕಾರ್ಟ್ರಿಜ್ ಮಾಡುವುದಕ್ಕೆಂದು ಶುರುವಾದ ಈ ಕುಟುಂಬದ ಕಾರ್ಖಾನೆ ಮಹಾಗನಿಯಂಥ ಮರದ ಬಟ್ಟಲುಗಳಿಗೂ ಹೆಸರುವಾಸಿ.

‘ಕೈಯಲ್ಲಿ ಮಾಡಿದ್ದು’ ಎಂದರೆ ಎಲ್ಲವನ್ನೂ ಕೈಯಲ್ಲೇ ಮಾಡಿದ್ದಲ್ಲ. ಸಣ್ಣ ತಯಾರಕರಲ್ಲಿ ಹೆಚ್ಚಿನವರು 40 ಅಥವಾ 50 ಮಿಲಿಮೀಟರ್ ಅಗಲದ ಸಿದ್ಧ ಡ್ರೈವರ್‌ಗಳನ್ನು ಕೊಂಡು ತರುತ್ತಾರೆ. ಅವರ ಕಸುಬು ಕಾಣುವುದು ಉಳಿದದ್ದರಲ್ಲಿ: ಬಟ್ಟಲು ಕಡೆಯುವುದು, ಎಡ ಬಲಕ್ಕೆ ಒಂದೇ ರೀತಿ ನುಡಿಯುವ ಡ್ರೈವರ್‌ಗಳನ್ನು ಅಳೆದು ಜೋಡಿ ಮಾಡುವುದು, ಡ್ರೈವರ್‌ನ ಹಿಂದಿನ ಸಣ್ಣ ತೂತುಗಳ ಮೇಲೆ ಕಾಗದವನ್ನೋ ಫೆಲ್ಟ್ ಬಟ್ಟೆಯನ್ನೋ ಅಂಟಿಸಿ ಗಾಳಿಯ ಓಡಾಟವನ್ನು ಹದಕ್ಕೆ ತರುವುದು. ಉಗುರಿನಷ್ಟು ಬಟ್ಟೆ ಹೆಚ್ಚು ಕಡಿಮೆಯಾದರೂ ತಗ್ಗು ಸ್ವರಗಳ ತೂಕ ಬದಲಾಗುತ್ತದೆ. ಮರದ ಬಗ್ಗೆ ಮಾತ್ರ ಆಡುವ ಮಾತು ಅಗತ್ಯಕ್ಕಿಂತ ಹೆಚ್ಚು. ವೀಣೆಗೆ ಹಲಸಿನಂಥ ಮರ ಬೇಕು, ಏಕೆಂದರೆ ಅಲ್ಲಿ ಮರವೂ ತಂತಿಯ ಜೊತೆ ನುಡಿಯಬೇಕು. ಹೆಡ್‌ಫೋನ್ ಬಟ್ಟಲು ನುಡಿಯಬಾರದು, ಸುಮ್ಮನಿರಬೇಕು. ಹಿಂಬದಿಯ ಸದ್ದು ಹೇಗೂ ಜಾಲರಿಯಿಂದ ಹೊರಬೀಳುವಾಗ ಮರ ಯಾವುದೆಂಬುದು ನೋಟಕ್ಕೆ ಮುಖ್ಯವಾದಷ್ಟು ನಾದಕ್ಕೆ ಮುಖ್ಯವಲ್ಲ. ಕಿವಿಗೆ ತಾಗುವ ಮೆತ್ತೆಯ ದಪ್ಪ, ಅದರ ತೂತಿನ ಅಗಲ, ಅದು ಚರ್ಮದ್ದೋ ಬಟ್ಟೆಯದೋ ಎಂಬುದು ಮರಕ್ಕಿಂತ ಹೆಚ್ಚು ಬದಲಾವಣೆ ತರುತ್ತದೆ.

ಇಂಥ ಹೆಡ್‌ಫೋನನ್ನು ಪರೀಕ್ಷಿಸಲು ಕೇಳುಗನಿಗೆ ಚೆನ್ನಾಗಿ ಪರಿಚಯವಿರುವ ಸದ್ದೇ ಬೇಕು. ಚಳ್ಳಕೆರೆ, ಮೊಳಕಾಲ್ಮೂರಿನವರಿಗೆ ಉರುಮೆಗಿಂತ ಒಳ್ಳೆಯ ಒರೆಗಲ್ಲು ಸಿಗಲಾರದು. ಮ್ಯಾಸಬೇಡ ಸಮುದಾಯದ ದೇವರ ಕಾರ್ಯಗಳಲ್ಲಿ ನುಡಿಯುವ ಈ ವಾದ್ಯದ ಒಂದು ಮುಖವನ್ನು ಕೋಲಿನಿಂದ ಬಡಿಯುತ್ತಾರೆ, ಇನ್ನೊಂದನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಬಡಿತ ಚುರುಕು, ಉಜ್ಜಿದ ದನಿ ಮಾತ್ರ ಹೂಂಕರಿಸುತ್ತ ತಗ್ಗಿನಿಂದ ಏರುತ್ತದೆ. ಒಳ್ಳೆಯ ತೆರೆದ ಹೆಡ್‌ಫೋನಿನಲ್ಲಿ ಇವೆರಡೂ ಒಂದರ ಮೇಲೊಂದು ಬೀಳದೆ ಬೇರೆ ಬೇರೆಯಾಗಿ ನಿಲ್ಲುತ್ತವೆ, ಕೋಲು ಚರ್ಮದ ಮೇಲೆ ಎಳೆದುಕೊಂಡು ಹೋಗುವ ಒರಟುತನವೂ ಕೇಳುತ್ತದೆ. ಆದರೆ ಜಾತ್ರೆಯಲ್ಲಿ ಉರುಮೆಯ ಹತ್ತಿರ ನಿಂತವರ ಎದೆಗೆ ತಾಗುವ ಆ ಅದುರುವಿಕೆ ಇಲ್ಲಿ ಪೂರ್ತಿ ಬರುವುದಿಲ್ಲ. ತಗ್ಗು ಸ್ವರಗಳ ಅಲೆಗಳು ಉದ್ದ. ಪೊರೆಯ ಮುಂದಿನ ಅಲೆ, ಹಿಂದಿನ ಅಲೆ ಒಂದಕ್ಕೊಂದು ವಿರುದ್ಧವಾದ್ದರಿಂದ, ಮೆತ್ತೆಯ ಸಂದಿನಲ್ಲಿ ಸುತ್ತಿಬಂದು ಕೂಡಿದಾಗ ಪರಸ್ಪರ ಅಳಿಸಿಹಾಕುತ್ತವೆ. ಕನ್ನಡಕದ ಕಡ್ಡಿಯಿಂದಲೋ ದಟ್ಟ ಕೂದಲಿನಿಂದಲೋ ಮೆತ್ತೆ ಎದ್ದು ಕೂತರೆ ನಷ್ಟ ಇನ್ನೂ ಹೆಚ್ಚು. ಕೈಕೆಲಸದ ತೆರೆದ ಹೆಡ್‌ಫೋನ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಮೊದಲ ಕೊರತೆ ಇದೇ.

ಈ ನಷ್ಟಕ್ಕೆ ಬದಲಾಗಿ ಸಿಗುವುದು ಹಾಡಿನ ಸುತ್ತಲಿನ ಜಾಗ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹವಿಲ್ಲದೆ ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ಹಾಡುಗಾರ್ತಿ. ಹಟ್ಟಿಯಲ್ಲಿ ಕೂತು ಹಾಡಿದ ಇಂಥ ಪದಗಳ ಧ್ವನಿಮುದ್ರಣಗಳಲ್ಲಿ ಶ್ರುತಿಪೆಟ್ಟಿಗೆ ಇರುವುದಿಲ್ಲ, ಸ್ಟುಡಿಯೊದ ಮೌನವೂ ಇರುವುದಿಲ್ಲ. ಮುಂದಾಳು ಒಂದು ಸೊಲ್ಲು ಹೇಳಿದರೆ ಹಿಮ್ಮೇಳ ಅದನ್ನೆತ್ತಿಕೊಳ್ಳುತ್ತದೆ. ನಡುವೆ ಉಸಿರು, ಕೆಮ್ಮು, ದೂರದ ಮೇಕೆಯ ಕೂಗು. ಸಾಧಾರಣ ಇಯರ್‌ಫೋನಿನಲ್ಲಿ ಇದೆಲ್ಲ ತಲೆಯೊಳಗೇ ಗುಂಪುಗೂಡಿದ ಗದ್ದಲ. ತೆರೆದ ಹೆಡ್‌ಫೋನಿನಲ್ಲಿ ಮುಂದಾಳಿನ ದನಿ ಹತ್ತಿರ, ಹಿಮ್ಮೇಳ ಒಂದಿಷ್ಟು ಆಚೆ, ಮೇಕೆ ಇನ್ನೂ ಆಚೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯ ಧ್ವನಿಮುದ್ರಣ ಸಿಕ್ಕರೆ ಜನಸಂದಣಿಯ ಅಗಲವೂ ಹೀಗೆಯೇ ಬಿಡಿಸಿಕೊಳ್ಳುತ್ತದೆ. ಎಡ ಬಲದ ಎರಡು ಮೈಕಿನಲ್ಲಿ ಮುದ್ರಿಸಿದ್ದಾದರೆ ಮಾತ್ರ ಈ ಲಾಭ. ಒಂದೇ ಮೈಕಿನ ಹಳೆಯ ಕ್ಯಾಸೆಟ್‌ನಿಂದ ಅಷ್ಟು ಅಗಲ ಬರದು, ದನಿಯ ತಿಳಿ ಮಾತ್ರ ಬರುತ್ತದೆ. ಅದೂ ಸಣ್ಣ ಲಾಭವಲ್ಲ.

ಮೇಲಿನ ಸ್ವರಗಳಲ್ಲಿ ಎಚ್ಚರ ಬೇಕು. ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆಯಲ್ಲಿ ಮೀಟು ಮೃದು, ಅದರ ಬೆನ್ನಿಗೆ ಬರುವ ನಾದದ ಎಳೆ ಉದ್ದ. ಹೆಡ್‌ಫೋನ್ ಮೇಲಿನ ಸ್ವರಗಳನ್ನು ಎತ್ತಿ ತೋರಿಸುವಂಥದ್ದಾದರೆ ಆ ಮೀಟು ತಗಡಿಗೆ ತಾಗಿದಂತೆ ಕೇಳುತ್ತದೆ. ಹಾಡಿನಲ್ಲಿ ಸಕಾರ, ಶಕಾರಗಳು ಕಿವಿಗೆ ಚುಚ್ಚುತ್ತವೆ. ಮೊದಲ ಐದು ನಿಮಿಷ ಇದನ್ನೇ ಸ್ಪಷ್ಟತೆಯೆಂದು ನಂಬಿ ಮರುಳಾಗುವವರು ಬಹಳ. ಅರ್ಧ ಗಂಟೆ ಕೇಳಿದ ಮೇಲೆ ಕಿವಿ ದಣಿದರೆ ಅದು ಸ್ಪಷ್ಟತೆಯಲ್ಲ, ದೋಷ.

ಎರಡು ಹೆಡ್‌ಫೋನ್ ಹೋಲಿಸುವಾಗ ಎರಡರ ಸದ್ದಿನ ಮಟ್ಟವೂ ಸಮವಿರಬೇಕು. ಸ್ವಲ್ಪ ಜೋರಾಗಿ ಕೇಳಿದ್ದೇ ಚೆನ್ನಾಗಿದೆಯೆನಿಸುವುದು ಕಿವಿಯ ಸ್ವಭಾವ. ಗ್ರಾಡೊದ ಹಲವು ಮಾದರಿಗಳಂತೆ 32 ಓಮ್ ರೋಧದವು ಮೊಬೈಲಿನಲ್ಲೂ ಸಲೀಸಾಗಿ ನುಡಿಯುತ್ತವೆ; ಸೆನ್‌ಹೈಸರ್ ಎಚ್‌ಡಿ 600ರಂತೆ 300 ಓಮ್ ಇರುವವಕ್ಕೆ ಬೇರೆ ಆಂಪ್ಲಿಫೈಯರ್ ಇದ್ದರೆ ಒಳ್ಳೆಯದು. ಬೆನ್ನು ತೆರೆದಿರುವುದರಿಂದ ಸುತ್ತಲಿನ ಸದ್ದು ತಡೆಯಿಲ್ಲದೆ ಒಳಗೆ ಬರುತ್ತದೆ, ಒಳಗಿನ ಹಾಡು ಪಕ್ಕದವರಿಗೂ ಕೇಳುತ್ತದೆ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಪಕ್ಕದ ಮನೆಗಾಗಲಿ, ಬೆಂಗಳೂರಿನ ಬಸ್ಸಿಗಾಗಲಿ ಇದು ಹೇಳಿ ಮಾಡಿಸಿದ ವಸ್ತುವಲ್ಲ. ಅಂಥ ಕಡೆ ಗದ್ದಲವನ್ನು ಮೀರಿಸಲು ವಾಲ್ಯೂಮ್ ಏರಿಸುವುದೇ ಅಪಾಯ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳಿರುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಸದ್ದು ಏರಿದಷ್ಟೂ ಗಂಟೆಗಳು ಇಳಿಯಬೇಕು.

ರಾತ್ರಿ ಮನೆಯಲ್ಲಿ ಕೂತು ಗಾಯನ, ವೀಣೆ, ಜನಪದ ಕೇಳುವವರಿಗೆ ಕೈಕೆಲಸದ ತೆರೆದ ಹೆಡ್‌ಫೋನ್ ಕೊಟ್ಟ ದುಡ್ಡಿಗೆ ತಕ್ಕ ವಸ್ತು. ತಮಟೆ, ಉರುಮೆಯ ಅದುರುವಿಕೆಯೇ ಮುಖ್ಯವೆನ್ನುವವರು ಮುಚ್ಚಿದ್ದನ್ನೇ ಕೊಳ್ಳಲಿ. ಯಾವುದನ್ನು ಕೊಂಡರೂ ಬಟ್ಟಲಿನ ಮರ ನೋಡುವ ಮೊದಲು ಬದಲಿ ಮೆತ್ತೆ, ಬದಲಿ ವೈರು ಸಿಗುತ್ತದೆಯೇ ಎಂದು ತಯಾರಕರನ್ನು ಕೇಳಿಕೊಳ್ಳಬೇಕು. ಮೊದಲು ಸವೆಯುವುದು ಅವೆರಡೇ.