ಹಾಡು ಹಾಡಿಸಿದ ಕಂಪನಿ

ಮದುವೆಮನೆಯಲ್ಲಿ ಹಾಡುಂಟು, ನಾಟಿಯ ಗದ್ದೆಯಲ್ಲಿ ಹಾಡುಂಟು, ಬೀಸುವ ಕಲ್ಲಿನ ಮುಂದೆಯೂ ಹಾಡುಂಟು. ಆದರೆ ಲೆಕ್ಕದ ಯಂತ್ರಗಳನ್ನು ಮಾರುವ ಕಂಪನಿಯೊಂದು ತನ್ನ ನೌಕರರಿಗಾಗಿ ಹಾಡಿನ ಪುಸ್ತಕವನ್ನೇ ಅಚ್ಚು ಹಾಕಿಸಿತ್ತೆಂದರೆ ಯಾರಿಗಾದರೂ ಸೋಜಿಗವಾದೀತು. ಅಮೆರಿಕದ ಐ.ಬಿ.ಎಂ. ಕಂಪನಿಯ ಹಾಡುಗಳ ಪುಸ್ತಕ 1927ರಲ್ಲಿ ಹೊರಬಂದಿತು. ಜನರಿಗೆ ಪರಿಚಯವಿದ್ದ ಗೀತೆಗಳ ಧಾಟಿಗೆ ಹೊಸ ಮಾತುಗಳನ್ನು ಹೊಂದಿಸಿ, ಕಂಪನಿಯ ಮುಖ್ಯಸ್ಥರನ್ನು ಹೆಸರು ಹಿಡಿದು ಕೊಂಡಾಡುವ ಪದ್ಯಗಳವು. ಕಪ್ಪು ಸೂಟು ಬಿಳಿ ಅಂಗಿ ತೊಟ್ಟ ಗಂಡಸರು ಸಾಲುಸಾಲಾಗಿ ನಿಂತು ಅವನ್ನು ಗಂಭೀರವಾಗಿಯೇ ಹಾಡುತ್ತಿದ್ದರು.

ಹಾಡಿಸಿದವನು ಥಾಮಸ್ ವಾಟ್ಸನ್. ಆತನು ಈ ವಿದ್ಯೆಯನ್ನು ಕಲಿತದ್ದು ಒಹಾಯೋ ಸಂಸ್ಥಾನದ ಡೇಟನ್ ನಗರದಲ್ಲಿ, ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯ ಒಡೆಯ ಜಾನ್ ಪ್ಯಾಟರ್ಸನ್ನನ ಕೈಕೆಳಗೆ. ಪ್ಯಾಟರ್ಸನ್ ವಿಚಿತ್ರ ಮನುಷ್ಯ. ಕೆಲಸಗಾರರಿಗೆ ಬೆಳಕು ಬರಲೆಂದು ಗಾಜಿನ ಗೋಡೆಯ ಕಾರ್ಖಾನೆ ಕಟ್ಟಿಸಿದನು; ಮಾರಾಟಗಾರರನ್ನು ಕೂಡಿಸಿ ಭಾರೀ ಸಮ್ಮೇಳನಗಳನ್ನು ನಡೆಸಿದನು; ಮನಸ್ಸು ಮುರಿದರೆ ಅದೇ ಮಾರಾಟಗಾರರನ್ನು ಹೊರಗಟ್ಟಿದನು. ಹಾಗೆ ಹೊರಬಿದ್ದವರಲ್ಲಿ ವಾಟ್ಸನ್ನನೂ ಒಬ್ಬ. ಗುರುವಿನಿಂದ ಉತ್ಸವದ ಕಲೆಯನ್ನೂ, ತನ್ನ ಅನುಭವದಿಂದ ಕೆಲಸ ಕಳೆದುಕೊಂಡವನ ಸಂಕಟವನ್ನೂ ಅರಿತು ಆತನು 1914ರಲ್ಲಿ ಮತ್ತೊಂದು ಕಂಪನಿಯನ್ನು ಸೇರಿದನು. ಅದಕ್ಕೆ ಐ.ಬಿ.ಎಂ. ಎಂಬ ಹೆಸರು ಬಂದುದು 1924ರಲ್ಲಿ.

ಗೊತ್ತುಪಡಿಸಿದಷ್ಟು ಮಾರಾಟವನ್ನು ಪೂರೈಸಿದವರಿಗೆ ‘ನೂರಕ್ಕೆ ನೂರರ ಕ್ಲಬ್’ ಎಂಬ ಗೌರವವಿತ್ತು. ನ್ಯೂಯಾರ್ಕ್ ಸಂಸ್ಥಾನದ ಎಂಡಿಕಾಟ್ ಎಂಬ ಊರಿನಲ್ಲಿ ಅವರಿಗಾಗಿ ಡೇರೆಗಳ ಒಂದು ಪಟ್ಟಣವೇ ಏಳುತ್ತಿತ್ತು. ಭಾಷಣ, ಬಹುಮಾನ, ಹಾಡು. ಗುರಿ ಮುಟ್ಟದವನಿಗೆ ಕರೆಯಿಲ್ಲ. ಅಂಥವನ ಮನೆಯಲ್ಲಿ ಆ ವಾರ ಎಂಥ ಮೌನವಿದ್ದೀತೆಂಬುದನ್ನು ಸಂಬಳದಾರರ ಮನೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದೆಲ್ಲ ಬರಿಯ ಆಡಂಬರವೆಂದು ನಗುವುದು ಸುಲಭ. ನಮ್ಮ ಬೆಂಗಳೂರಿನ ಕಂಪನಿಗಳು ನೌಕರರನ್ನು ಬಸ್ಸು ತುಂಬಿಸಿ ರೆಸಾರ್ಟಿಗೆ ಕೊಂಡೊಯ್ದು, ಹಗ್ಗ ಜಗ್ಗಿಸಿ, ಚಪ್ಪಾಳೆ ತಟ್ಟಿಸಿ ‘ಹುರುಪು’ ತುಂಬಿಸುವುದನ್ನು ಕಂಡವರಿಗಂತೂ ಇನ್ನೂ ಸುಲಭ. ಆದರೆ ವಾಟ್ಸನ್ನನ ಹಾಡಿಗೆ ಒಂದು ಶ್ರುತಿಪೆಟ್ಟಿಗೆಯಿತ್ತು. 1929ರ ಅನಂತರ ಅಮೆರಿಕದ ಕಾರ್ಖಾನೆಗಳು ಒಂದೊಂದಾಗಿ ಬಾಗಿಲೆಳೆದುಕೊಂಡು, ಕೆಲಸಗಾರರು ಗಂಜಿಯ ಸಾಲಿನಲ್ಲಿ ನಿಂತಿದ್ದಾಗ, ಆತನು ತನ್ನವರನ್ನು ಹಿಂಡುಹಿಂಡಾಗಿ ಬೀದಿಗೆ ತಳ್ಳುವ ದಾರಿ ಹಿಡಿಯಲಿಲ್ಲ. ಕೊಳ್ಳುವವರಿಲ್ಲದಿದ್ದರೂ ಯಂತ್ರಗಳನ್ನು ಮಾಡಿಸಿ ಉಗ್ರಾಣದಲ್ಲಿ ಇಡಿಸಿದನು. ಹುಚ್ಚುತನವೆಂದವರೂ ಇದ್ದರು. 1935ರಲ್ಲಿ ಸರ್ಕಾರ ಸಾಮಾಜಿಕ ಭದ್ರತೆಯ ಕಾಯಿದೆ ತಂದು, ಎರಡೂವರೆ ಕೋಟಿಗೂ ಮಿಕ್ಕ ದುಡಿಮೆಗಾರರ ಲೆಕ್ಕವಿಡಬೇಕಾಗಿ ಬಂದಾಗ, ಕೂಡಲೆ ಕೊಡುವಷ್ಟು ಯಂತ್ರಗಳು ಸಿದ್ಧವಾಗಿದ್ದುದು ಇವನಲ್ಲಿ! 1934ರಲ್ಲಿ ನೌಕರರಿಗೆ ಜೀವವಿಮೆ, 1937ರಲ್ಲಿ ಸಂಬಳಸಹಿತ ರಜೆ ದೊರೆತುವು. ಎಂಡಿಕಾಟಿನ ಕ್ರೀಡಾ ಕ್ಲಬ್ಬಿಗೆ ನೌಕರನ ಚಂದಾ ವರ್ಷಕ್ಕೆ ಒಂದು ಡಾಲರು.

1940ರ ಮೇ ತಿಂಗಳಲ್ಲಿ ನಡೆದುದನ್ನು ಇಲ್ಲಿ ಹೇಳಲೇಬೇಕು. ನ್ಯೂಯಾರ್ಕಿನ ವಿಶ್ವಪ್ರದರ್ಶನದಲ್ಲಿ ಐ.ಬಿ.ಎಂ. ದಿನದ ಉತ್ಸವ. ನೌಕರರನ್ನೂ ಅವರ ಮನೆಯವರನ್ನೂ ಕರೆತರಲು ವಿಶೇಷ ರೈಲುಗಳು ಹೊರಟಿದ್ದುವು. ರಾತ್ರಿ ಪೋರ್ಟ್ ಜರ್ವಿಸ್ ಎಂಬಲ್ಲಿ ಒಂದು ರೈಲು ಇನ್ನೊಂದಕ್ಕೆ ಹಿಂದಿನಿಂದ ಡಿಕ್ಕಿ ಹೊಡೆಯಿತು. ನೂರಾರು ಮಂದಿಗೆ ಪೆಟ್ಟಾಯಿತು. ಸುದ್ದಿ ಮುಟ್ಟಿದ ಕೂಡಲೆ, ಅರವತ್ತಾರರ ವಾಟ್ಸನ್ ಹಾಸಿಗೆಯಿಂದೆದ್ದು ಕಾರಿನಲ್ಲಿ ಆ ಊರಿಗೆ ಧಾವಿಸಿದನು. ಆಸ್ಪತ್ರೆಯಲ್ಲಿ ಗಾಯಾಳುಗಳ ಬಳಿಗೆ ಹೋಗಿ ವಿಚಾರಿಸಿದನು. ಅವರಿಗೆ ಬೇಕಾದ ಏರ್ಪಾಡುಗಳನ್ನು ಮಾಡಿಸಿದನು. ಉತ್ಸವ ನಿಲ್ಲಲಿಲ್ಲ. ಆದರೆ ಅಂದಿನ ಭಾಷಣಗಳನ್ನು ಈಗ ಯಾರು ನೆನೆಯುತ್ತಾರೆ? ಐ.ಬಿ.ಎಂ. ಚರಿತ್ರೆಯಲ್ಲಿ ಉಳಿದುದು ಆ ರಾತ್ರಿಯ ಪ್ರಯಾಣ.

ವಾಟ್ಸನ್ 1956ರಲ್ಲಿ ತೀರಿಕೊಂಡನು. ಹಾಡುಗಳು ಬರಬರುತ್ತಾ ಹಿಂದೆ ಸರಿದುವು. ಕೆಲಸ ಹೋಗದೆಂಬ ನಂಬಿಕೆ ಮಾತ್ರ ಅವುಗಳಿಗಿಂತ ದೀರ್ಘಕಾಲ ಬಾಳಿತು. ಆ ನಂಬಿಕೆಯ ಮೇಲೆಯೇ ಜನ ಸಾಲ ಮಾಡಿ ಮನೆ ಕೊಂಡರು, ಮಕ್ಕಳನ್ನು ಕಾಲೇಜಿಗೆ ಕಳುಹಿಸಿದರು. ಚಿಕ್ಕ ಕಂಪ್ಯೂಟರುಗಳ ಕಾಲದಲ್ಲಿ ಹಳೆಯ ವ್ಯಾಪಾರ ಕುಸಿದು, 1993ರಲ್ಲಿ ಕಂಪನಿಗೆ 800 ಕೋಟಿ ಡಾಲರಿಗೂ ಮಿಕ್ಕ ನಷ್ಟವಾಯಿತು. ಆ ವರ್ಷ ಹಡ್ಸನ್ ನದಿಯ ಕಣಿವೆಯ ಕಾರ್ಖಾನೆಗಳಲ್ಲಿ ಸಾವಿರಾರು ಮಂದಿಗೆ ಕೆಲಸದಿಂದ ಬಿಡುಗಡೆಯ ಕಾಗದ ಬಂದಿತು. ನಷ್ಟದ ಲೆಕ್ಕ ಸುಳ್ಳಲ್ಲ. ಬೇರೆ ದಾರಿಯಿರಲಿಲ್ಲವೆಂದು ವಾದಿಸುವವರ ಮಾತಿನಲ್ಲಿ ಹುರುಳೂ ಇದೆ. ಆದರೆ ಮಾತು ಕೊಟ್ಟ ಒಡೆಯ ಬದುಕಿಲ್ಲವಾದರೂ, ಮಾತನ್ನು ನಂಬಿದ ಮನೆಗಳು ಅಲ್ಲಿಯೇ ಇದ್ದುವು.

ಡೇರೆಗಳು ಏಳುತ್ತಿದ್ದ ಎಂಡಿಕಾಟಿನ ಕಾರ್ಖಾನೆಯನ್ನು ಕಂಪನಿಯು 2002ರಲ್ಲಿ ಮಾರಿಬಿಟ್ಟಿತು.